ಯುವಜನರಿಗೆ ಎಚ್‌ಐವಿ ತಡೆ: ಯಾವ ಉಪಾಯ ಎಷ್ಟು ಕೆಲಸ ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ. ಮೊದಲಿನವು ಯಾರಿಗಾದರೂ ಬೇಕಾದವು. ಕೊನೆಯವು ಶಿಕ್ಷಕರು, ಪೋಷಕರು, ಆರೋಗ್ಯ ಕಾರ್ಯಕರ್ತರು ಕೇಳುವಂಥವು.

## ಮೊದಲು ಇಷ್ಟು

ಎಚ್‌ಐವಿ ಹೇಗೆ ಅಂಟುತ್ತೆ? ಮುತ್ತು ಕೊಟ್ಟರೆ, ಒಂದೇ ತಟ್ಟೇಲಿ ಉಂಡರೆ ಬರುತ್ತಾ?

ಇಲ್ಲ. ವೈರಸ್ಸನ್ನು ದಾಟಿಸುವ ದ್ರವಗಳು ಕೆಲವೇ: ರಕ್ತ, ವೀರ್ಯ, ವೀರ್ಯಕ್ಕೂ ಮುಂಚೆ ಜಿನುಗುವ ದ್ರವ, ಯೋನಿಸ್ರಾವ, ಗುದನಾಳದ ಸ್ರಾವ, ಎದೆಹಾಲು. ಇವು ಇನ್ನೊಬ್ಬರ ರಕ್ತವನ್ನೋ, ಯೋನಿ, ಗುದ, ಶಿಶ್ನದ ಒಳಪೊರೆಯನ್ನೋ ತಲುಪಿದಾಗ ಸೋಂಕು ತಗಲುವ ಸಾಧ್ಯತೆ ಇದೆ. ಎಂಜಲು, ಬೆವರು, ಕಣ್ಣೀರು, ಕೆಮ್ಮು, ಸೊಳ್ಳೆ, ಶೌಚಾಲಯ, ಈಜುಕೊಳ ಇವು ಯಾವುವೂ ದಾರಿಯಲ್ಲ.

ಹರೆಯದವರ ಮಟ್ಟಿಗೆ ಹೊಸ ಸೋಂಕು ಬರುವ ಮುಖ್ಯ ದಾರಿಗಳು ಎರಡು: ರಕ್ಷಣೆ ಇಲ್ಲದ ಲೈಂಗಿಕ ಸಂಪರ್ಕ ಮತ್ತು ಹಂಚಿಕೊಂಡ ಸೂಜಿ. ಹುಟ್ಟುವಾಗಲೇ ತಾಯಿಯಿಂದ ಸೋಂಕು ಬಂದು, ಔಷಧಿ ತೆಗೆದುಕೊಳ್ಳುತ್ತಾ ಬೆಳೆದವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಕಂಡು "ಏನು ತಪ್ಪು ಮಾಡಿದ್ದರೋ" ಎಂದು ಯೋಚಿಸುವವರಿಗೆ ಇದು ನೆನಪಿರಲಿ.

ಒಂದೇ ಒಂದು ಸಲ ಆಗಿದ್ದು. ಅಷ್ಟಕ್ಕೇ ಬಂದುಬಿಡುತ್ತಾ?

ಬರಬಹುದು, ಆದರೆ ಬಂದೇ ಬರುತ್ತದೆ ಎಂದಲ್ಲ. ಸಂಗಾತಿಗೆ ಸೋಂಕಿದ್ದು, ಅವರು ಚಿಕಿತ್ಸೆಯಲ್ಲಿ ಇಲ್ಲದೆ, ಕಾಂಡೋಮ್ ಕೂಡ ಇಲ್ಲದಿದ್ದಾಗ ಒಂದು ಸಲದ ಸರಾಸರಿ ಅಪಾಯ 10,000ಕ್ಕೆ ಇಷ್ಟು: ಗುದ ಸಂಭೋಗದಲ್ಲಿ ಒಳಗೆ ಪಡೆಯುವವರಿಗೆ 138, ಮಾಡುವವರಿಗೆ 11, ಯೋನಿ ಸಂಭೋಗದಲ್ಲಿ ಹೆಣ್ಣಿಗೆ 8, ಗಂಡಿಗೆ 4. ಒಂದೇ ಸೂಜಿ ಹಂಚಿಕೊಂಡರೆ 63.

ಅಂಕಿ ಸಣ್ಣದು ಎಂದು ನಿಟ್ಟುಸಿರು ಬಿಡುವ ಮುಂಚೆ ಒಂದು ಮಾತು. ಇವು ಸರಾಸರಿಗಳು. ಸಂಗಾತಿಗೆ ಸೋಂಕು ತಗಲಿ ಕೆಲವೇ ವಾರಗಳಾಗಿದ್ದರೆ ಅವರ ರಕ್ತದಲ್ಲಿ ವೈರಸ್ ಉಕ್ಕಿ ಹರಿಯುತ್ತಿರುತ್ತದೆ, ಆಗ ಅಪಾಯ ಹಲವು ಪಟ್ಟು. ಆ ಹೊತ್ತಿಗೆ ಅವರಿಗೇ ವಿಷಯ ಗೊತ್ತಿರುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಜನನಾಂಗದ ಹುಣ್ಣು, ಹರ್ಪಿಸ್, ಸಿಫಿಲಿಸ್ ಇದ್ದರೂ ಅಪಾಯ ಏರುತ್ತದೆ. ಸಣ್ಣ ಅಪಾಯ ನೂರು ಸಲ ಮರುಕಳಿಸಿದರೆ ಸಣ್ಣದಾಗಿ ಉಳಿಯುವುದಿಲ್ಲ ಎನ್ನುವುದು ಬರೀ ಲೆಕ್ಕದ ಮಾತು.

"80% ಪರಿಣಾಮಕಾರಿ" ಅಂದ್ರೆ ನೂರು ಜನರಲ್ಲಿ ಇಪ್ಪತ್ತು ಜನಕ್ಕೆ ರೋಗ ಬರುತ್ತೆ ಅಂತಾನಾ?

ಅಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಗಂಡು ಹೆಣ್ಣಿನ ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಕಾಂಡೋಮ್ ಎಂದೂ ಬಳಸದವರಲ್ಲಿ ವರ್ಷಕ್ಕೆ 100ಕ್ಕೆ 5.75 ಹೊಸ ಸೋಂಕು, ಯಾವಾಗಲೂ ಬಳಸುತ್ತೇವೆ ಎಂದವರಲ್ಲಿ 1.14. ಮೊದಲನೆಯದಕ್ಕೆ ಹೋಲಿಸಿದರೆ ಎರಡನೆಯದು 80% ಕಡಿಮೆ. ಅಂದರೆ ಏನೂ ಬಳಸದಿದ್ದರೆ ಬರುತ್ತಿದ್ದ ಪ್ರತಿ ಐದು ಸೋಂಕಿನಲ್ಲಿ ನಾಲ್ಕು ತಪ್ಪಿದವು ಎಂದು ಅರ್ಥ.

ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಉಪಾಯಕ್ಕೂ ಎರಡು ಅಂಕಿಗಳಿರುತ್ತವೆ. ಸರಿಯಾಗಿ, ತಪ್ಪದೆ ಬಳಸಿದರೆ ಎಷ್ಟು ರಕ್ಷಣೆ ಎನ್ನುವುದು ಒಂದು. ಜನ ನಿಜವಾಗಿ ಬಳಸುವ ರೀತಿಯಲ್ಲಿ ಎಷ್ಟು ಎನ್ನುವುದು ಇನ್ನೊಂದು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಈ ಎರಡರ ನಡುವಿನ ಕಂದಕ ದೊಡ್ಡದು. ಮುಂದಿನ ಉತ್ತರಗಳಲ್ಲಿ ಅದನ್ನೇ ಮತ್ತೆ ಮತ್ತೆ ಕಾಣುತ್ತೀರಿ.

## ಕಾಂಡೋಮ್

ಕಾಂಡೋಮ್ ಹರಿದುಹೋಯ್ತು. ಕಂಪನಿ ಸರಿಯಿಲ್ವಾ, ನಾನೇ ಏನಾದ್ರೂ ತಪ್ಪು ಮಾಡಿದ್ನಾ?

ಸಾಮಾನ್ಯವಾಗಿ ತಪ್ಪು ಬಳಕೆಯಲ್ಲೇ ಇರುತ್ತದೆ, ಅದೂ ಕೆಲವೇ ಜಾಗಗಳಲ್ಲಿ.

ಮೊದಲನೆಯದು ಎಣ್ಣೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಬೇಬಿ ಆಯಿಲ್, ಮೈಗೆ ಹಚ್ಚುವ ಕ್ರೀಮು, ಇವುಗಳಿಗೆ ಲ್ಯಾಟೆಕ್ಸ್ ನಿಲ್ಲದು. ಖನಿಜ ಎಣ್ಣೆ ತಗಲಿದ ಲ್ಯಾಟೆಕ್ಸ್ ಒಂದೇ ನಿಮಿಷದಲ್ಲಿ ತನ್ನ ಬಲದ ಬಹುಪಾಲು ಕಳೆದುಕೊಳ್ಳುತ್ತದೆ. ನೀರು ಅಥವಾ ಸಿಲಿಕೋನ್ ಮೂಲದ ಜೆಲ್ ಮಾತ್ರ ಬಳಸಿ. ಗುದ ಸಂಭೋಗಕ್ಕೆ ಜೆಲ್ ಇಲ್ಲದೆ ಆಗದು, ಏಕೆಂದರೆ ಅಲ್ಲಿ ತಾನಾಗಿ ಜಾರುವ ತೇವವಿಲ್ಲ. ನಾನಾಕ್ಸಿನಾಲ್-9 ಎಂಬ ವೀರ್ಯನಾಶಕ ಸೇರಿಸಿದ ಕಾಂಡೋಮ್, ಜೆಲ್‌ಗಳನ್ನು ದೂರವಿಡಿ. ಅದು ಒಳಪೊರೆಯನ್ನು ಕೆರಳಿಸುತ್ತದೆ. ಪದೇ ಪದೇ ಬಳಸಿದ ಮಹಿಳೆಯರಲ್ಲಿ ಎಚ್‌ಐವಿ ಅಪಾಯ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಎರಡನೆಯದು ತುದಿಯಲ್ಲಿ ಉಳಿದ ಗಾಳಿ. ಮೂರನೆಯದು ಹಲ್ಲು, ಉಗುರು, ಕತ್ತರಿ. ನಾಲ್ಕನೆಯದು ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟು ಬಿಸಿಗೂ ಉಜ್ಜಾಟಕ್ಕೂ ಸವೆದ ಪೊಟ್ಟಣ. "ಎರಡೆರಡು ಹಾಕಿದರೆ ಗಟ್ಟಿ" ಎನ್ನುವುದು ಐದನೆಯ ತಪ್ಪು: ಎರಡು ರಬ್ಬರ್ ಒಂದಕ್ಕೊಂದು ಉಜ್ಜಿ ಬೇಗ ಹರಿಯುತ್ತವೆ ಅಥವಾ ಜಾರುತ್ತವೆ.

ಸರಿಯಾದ ಕ್ರಮ ಹೀಗೆ. ಅವಧಿಯ ದಿನಾಂಕ ನೋಡಿ. ಪೊಟ್ಟಣ ಒತ್ತಿದಾಗ ಒಳಗೆ ಗಾಳಿ ಇರುವುದು ಬೆರಳಿಗೆ ತಿಳಿಯಬೇಕು, ಚಪ್ಪಟೆಯಾಗಿದ್ದರೆ ಎಸೆಯಿರಿ. ಅಂಚಿನಿಂದ ಕೈಯಲ್ಲೇ ಹರಿಯಿರಿ. ಶಿಶ್ನ ಪೂರ್ತಿ ಗಟ್ಟಿಯಾದ ಮೇಲೆ, ಮೈ ತಾಗುವ ಮುಂಚೆಯೇ, ತುದಿಯನ್ನು ಹಿಂಡಿ ಹಿಡಿದು ಬುಡದವರೆಗೆ ಉರುಳಿಸಿ. ಉರುಳದಿದ್ದರೆ ಉಲ್ಟಾ ಹಾಕಿದ್ದೀರಿ ಎಂದರ್ಥ. ಅದನ್ನೇ ತಿರುಗಿಸಿ ಹಾಕಬೇಡಿ, ಅದರ ಹೊರಮೈಗೆ ಈಗಾಗಲೇ ದ್ರವ ತಾಗಿರುತ್ತದೆ, ಹೊಸದು ತೆಗೆಯಿರಿ. ಮುಗಿದ ಕೂಡಲೇ, ಇನ್ನೂ ಗಟ್ಟಿಯಿರುವಾಗಲೇ, ಬುಡದ ರಿಂಗನ್ನು ಹಿಡಿದುಕೊಂಡು ಹೊರತೆಗೆಯಿರಿ. ಒಂದು ಸಲಕ್ಕೆ ಒಂದು.

ಅವನು ಕಾಂಡೋಮ್ ಬೇಡ ಅಂತಾನೆ. "ನಂಬಿಕೆ ಇಲ್ವಾ" ಅಂತ ಕೇಳ್ತಾನೆ. ನಾನೇನು ಮಾಡ್ಲಿ?

ಇದು ತಿಳಿವಳಿಕೆಯ ಕೊರತೆಯ ಪ್ರಶ್ನೆಯಲ್ಲ, ಮಾತು ಯಾರದು ನಡೆಯುತ್ತದೆ ಎನ್ನುವ ಪ್ರಶ್ನೆ. ಕಾಂಡೋಮಿನ ದೊಡ್ಡ ದೌರ್ಬಲ್ಯ ರಬ್ಬರಿನಲ್ಲಿಲ್ಲ. ಇಬ್ಬರೂ ಒಪ್ಪಬೇಕು ಎನ್ನುವುದರಲ್ಲಿದೆ. ಹುಡುಗಿ ಹದಿನೆಂಟು, ಅವನು ಇಪ್ಪತ್ತೆಂಟು, ಖರ್ಚೆಲ್ಲ ಅವನದೇ ಎಂದಾದರೆ ಒಪ್ಪಿಸುವುದು ಇನ್ನೂ ಕಷ್ಟ.

ಆ ಮಾತನ್ನು ಮಂಚದ ಮೇಲೆ ಶುರು ಮಾಡಬೇಡಿ, ಹಗಲಲ್ಲಿ, ಬಟ್ಟೆ ತೊಟ್ಟಿರುವಾಗ ಆಡಿ. "ನಂಬಿಕೆ" ಎಂದರೆ "ಇಬ್ಬರೂ ಪರೀಕ್ಷೆ ಮಾಡಿಸೋಣ, ಅಲ್ಲಿಯವರೆಗೆ ಇದು" ಎನ್ನಿ. ಬಸಿರಿನ ಭಯವನ್ನು ಮುಂದಿಟ್ಟರೆ ಕೆಲವರು ಬೇಗ ಒಪ್ಪುತ್ತಾರೆ, ಅದರಲ್ಲಿ ಯಾರನ್ನೂ ಅನುಮಾನಿಸಿದಂತೆ ಆಗುವುದಿಲ್ಲ. ಒಪ್ಪಿಗೆಯೇ ಬೇಡದ ರಕ್ಷಣೆ ಬೇಕೆಂದರೆ ಮುಂದೆ ಬರುವ ಪ್ರೆಪ್ ಮಾತ್ರೆ, ಇಂಜೆಕ್ಷನ್, ಯೋನಿಯ ಉಂಗುರ ಇವೆ. ಹೆಣ್ಣಿನ ಕಾಂಡೋಮ್ ಕೂಡ ಇದೆ. ಮುಂಚಿತವಾಗಿ ಹಾಕಿಕೊಳ್ಳಬಹುದು, ಆದರೆ ಅವನಿಗೆ ಗೊತ್ತಾಗದೆ ಇರದು. ಅದನ್ನೂ ಗಂಡಿನ ಕಾಂಡೋಮನ್ನೂ ಒಟ್ಟಿಗೆ ಬಳಸಬಾರದು.

ಬೇಡವೆಂದಾಗ ಹೊಡೆತ, ಬೆದರಿಕೆ ಇದ್ದರೆ ಅದು ಹಿಂಸೆ. ಅಲ್ಲಿ ಕಾಂಡೋಮಿನ ಚರ್ಚೆಗಿಂತ ಮೊದಲು ನಿಮ್ಮ ಸುರಕ್ಷತೆ.

## ಮಾತ್ರೆ, ಇಂಜೆಕ್ಷನ್, ಉಂಗುರ

ಪ್ರೆಪ್ ಅಂದ್ರೇನು? ನಿಜವಾಗ್ಲೂ ಕೆಲಸ ಮಾಡುತ್ತಾ? ಒಂದು ಕಡೆ 90 ಅಂತಾರೆ, ಇನ್ನೊಂದು ಕಡೆ ಸೊನ್ನೆ ಅಂತಾರೆ.

ಸೋಂಕಿಲ್ಲದವರು, ಸೋಂಕು ಬಾರದಂತೆ, ಮುಂಚಿತವಾಗಿ ತೆಗೆದುಕೊಳ್ಳುವ ಔಷಧಿ ಪ್ರೆಪ್. ಮೊದಲು ಬಂದದ್ದು ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಸೇರಿದ ಮಾತ್ರೆ. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯದಲ್ಲಿರುವ ಎಲ್ಲರಿಗೂ ಶಿಫಾರಸು ಮಾಡಿತು.

ನೀವು ಕೇಳಿದ ಎರಡು ಅಂಕಿಗಳೂ ನಿಜ. 2010ರ ಐಪ್ರೆಕ್ಸ್ ಪ್ರಯೋಗದಲ್ಲಿ ಮಾತ್ರೆ ಕೊಟ್ಟ ಗುಂಪಿನಲ್ಲಿ ಒಟ್ಟಾರೆ 44% ಸೋಂಕು ಕಡಿಮೆಯಾಯಿತು, ಆದರೆ ರಕ್ತದಲ್ಲಿ ಔಷಧಿ ಸಿಕ್ಕವರಲ್ಲಿ ಅದು 92%. ಆಫ್ರಿಕಾದ ಮಹಿಳೆಯರಲ್ಲಿ ನಡೆದ ಫೆಮ್-ಪ್ರೆಪ್ ಪ್ರಯೋಗದಲ್ಲಿ ಮಾತ್ರೆಯ ಗುಂಪಿನಲ್ಲಿ 33, ಹೋಲಿಕೆಗೆಂದು ಔಷಧಿಯಿಲ್ಲದ ಬರೀ ಗುಳಿಗೆ ಕೊಟ್ಟ ಗುಂಪಿನಲ್ಲಿ 35 ಸೋಂಕು, ವ್ಯತ್ಯಾಸವೇ ಇಲ್ಲ. ಔಷಧಿ ಸೋತಿತೇ? "ತಪ್ಪದೆ ತಗೊಳ್ತೀನಿ" ಎಂದವರು 95%, ರಕ್ತ ಪರೀಕ್ಷೆಯಲ್ಲಿ ಔಷಧಿ ಕಂಡದ್ದು 40%ಕ್ಕಿಂತ ಕಡಿಮೆ ಜನರಲ್ಲಿ. ಡಬ್ಬಿಯಲ್ಲಿ ಉಳಿದ ಮಾತ್ರೆ ಯಾರನ್ನೂ ಕಾಯುವುದಿಲ್ಲ.

ಅವರು ಸುಳ್ಳು ಹೇಳಿದರು ಎಂದು ಬೈಯುವುದು ಸುಲಭ. ಆದರೆ ರೋಗವಿಲ್ಲದ ಹುಡುಗಿಯೊಬ್ಬಳು ಎಚ್‌ಐವಿ ಔಷಧಿಯ ಡಬ್ಬಿಯನ್ನು ಅತ್ತೆಯಿಂದಲೋ ಗೆಳೆಯನಿಂದಲೋ ಬಚ್ಚಿಟ್ಟು ದಿನಾ ನುಂಗುವುದನ್ನು ಒಮ್ಮೆ ಊಹಿಸಿಕೊಳ್ಳಿ.

ಶುರು ಮಾಡಿದ ಎಷ್ಟು ದಿನಕ್ಕೆ ರಕ್ಷಣೆ ಸಿಗುತ್ತೆ? ಒಂದು ದಿನ ಮರೆತರೆ ಮತ್ತೆ ಮೊದಲಿಂದಾನಾ?

ದಿನಕ್ಕೊಂದರಂತೆ 7 ದಿನ ತೆಗೆದುಕೊಂಡ ಮೇಲೆ ರಕ್ಷಣೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯೋನಿ ಸಂಭೋಗಕ್ಕೆ ಮತ್ತು ಸೂಜಿ ಬಳಸುವವರಿಗೆ ಸುಮಾರು 21 ದಿನ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೆಚ್ಚು ಎಚ್ಚರಿಕೆಯ ಲೆಕ್ಕ ಹೇಳುತ್ತದೆ. ಟೆನೊಫೊವಿರ್ ಗುದನಾಳದ ಅಂಗಾಂಶದಲ್ಲಿ ಬೇಗ ಶೇಖರವಾಗುತ್ತದೆ, ಯೋನಿಯಲ್ಲಿ ನಿಧಾನ. ಅನುಮಾನವಿದ್ದರೆ ದೊಡ್ಡ ಅಂಕಿಯನ್ನೇ ಹಿಡಿದು, ಅಲ್ಲಿಯವರೆಗೆ ಕಾಂಡೋಮ್ ಬಳಸಿ.

ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಮರುದಿನ ಎಂದಿನ ಹೊತ್ತಿಗೆ ಮುಂದುವರಿಸಿ. ದಿನಗಟ್ಟಲೆ ಬಿಟ್ಟುಹೋಗಿದ್ದರೆ ಹೊಸದಾಗಿ ಶುರು ಮಾಡಿದಂತೆಯೇ ಎಣಿಸಬೇಕು. ನಡುವೆ ರಕ್ಷಣೆಯಿಲ್ಲದ ಸಂಪರ್ಕ ಆಗಿದ್ದರೆ ಮೊದಲು ಪರೀಕ್ಷೆ. ಮೊದಲ ಕೆಲವು ವಾರ ಹೊಟ್ಟೆ ತೊಳಸುವಿಕೆ, ತಲೆನೋವು ಕೆಲವರಿಗೆ ಇರುತ್ತದೆ, ತಾನಾಗಿ ಇಳಿಯುತ್ತದೆ. ಬಹಳ ಜನ ಬಿಟ್ಟುಬಿಡುವುದು ಇದೇ ಹೊತ್ತಿನಲ್ಲಿ, ಏಕೆಂದರೆ ಇದನ್ನು ಅವರಿಗೆ ಯಾರೂ ಮುಂಚೆ ಹೇಳಿರುವುದಿಲ್ಲ.

ದಿನಾ ಯಾಕೆ? ಬೇಕಾದಾಗ ಮಾತ್ರ ತಗೊಂಡರೆ ಆಗಲ್ವಾ?

ಗಂಡಾಗಿ ಹುಟ್ಟಿ, ಈಸ್ಟ್ರೋಜನ್ ಮೂಲದ ಹಾರ್ಮೋನ್ ಔಷಧಿ ತೆಗೆದುಕೊಳ್ಳದವರಿಗೆ ಲೈಂಗಿಕ ಸಂಪರ್ಕದ ಮಟ್ಟಿಗೆ ಆಗುತ್ತದೆ. ಕ್ರಮ 2-1-1: ಸಂಪರ್ಕಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ ಒಟ್ಟಿಗೆ, ಅದಾಗಿ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಮರುದಿನವೂ ಸಂಪರ್ಕ ಮುಂದುವರಿದರೆ, ಕೊನೆಯ ಸಂಪರ್ಕದ ನಂತರ ಎರಡು ದಿನ ಆಗುವವರೆಗೆ ದಿನಕ್ಕೊಂದು. ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದ ಇಪರ್ಗೇ ಪ್ರಯೋಗದಲ್ಲಿ ಹೀಗೆ ಮಾಡಿದ ಸಲಿಂಗಿ ಪುರುಷರಲ್ಲಿ ಸೋಂಕು 86% ಕಡಿಮೆಯಾಯಿತು.

ಹೆಣ್ಣುಮಕ್ಕಳಿಗೆ ಈ ಕ್ರಮ ಸಲ್ಲದು, ಯೋನಿಯಲ್ಲಿ ಔಷಧಿ ಅಷ್ಟು ಬೇಗ ತುಂಬುವುದಿಲ್ಲ. ಹೆಪಟೈಟಿಸ್ ಬಿ ಇರುವವರಿಗೂ ಬೇಡ: ಈ ಔಷಧಿ ಆ ವೈರಸ್ಸನ್ನೂ ಅದುಮಿಡುತ್ತದೆ, ಆಗಾಗ ನಿಲ್ಲಿಸಿದರೆ ಯಕೃತ್ತಿನ ಉರಿ ಏಳಬಹುದು.

ಹದಿನಾರು, ಹದಿನೇಳು ವಯಸ್ಸಿನವರಿಗೆ ಪ್ರೆಪ್ ಕೊಡಬಹುದಾ? ಕಿಡ್ನಿ, ಮೂಳೆ ಹಾಳಾಗಲ್ವಾ?

ತೂಕ 35 ಕಿಲೋ ಇದ್ದರೆ ಮಾತ್ರೆ ಕೊಡಬಹುದು. ಅಮೆರಿಕದಲ್ಲಿ ಹದಿಹರೆಯದವರಿಗೆ 2018ರಲ್ಲಿ ಒಪ್ಪಿಗೆಯಾಯಿತು. ಮೂಳೆಯ ಸಾಂದ್ರತೆ ಕೊಂಚ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆರೋಗ್ಯವಂತ ಯುವಜನರಲ್ಲಿ ಮೂತ್ರಪಿಂಡದ ತೊಂದರೆ ಅಪರೂಪ. ಮೊದಲೇ ಆ ಕಾಯಿಲೆ ಇದ್ದವರಿಗೆ ಪರೀಕ್ಷೆ ಬೇಕೇ ಬೇಕು. ಶುರುವಿನಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಗರ್ಭನಿರೋಧಕ ಮಾತ್ರೆ, ಇಂಜೆಕ್ಷನ್ ಜೊತೆ ಯಾವ ತಕರಾರೂ ಇಲ್ಲ. ಆದರೆ ಪ್ರೆಪ್ ಬಸಿರನ್ನಾಗಲಿ ಗೊನೊರಿಯಾದಂಥ ಬೇರೆ ಲೈಂಗಿಕ ಸೋಂಕನ್ನಾಗಲಿ ತಡೆಯದು.

ನಿಜವಾದ ತೊಡಕು ಬೇರೆ. ಅಮೆರಿಕದಲ್ಲಿ 15ರಿಂದ 17ರ ಹುಡುಗರಿಗೆ ಪ್ರೆಪ್ ಕೊಟ್ಟ ಒಂದು ಅಧ್ಯಯನದಲ್ಲಿ ಮೊದಲ ಮೂರು ತಿಂಗಳು, ಪ್ರತಿ ತಿಂಗಳೂ ಭೇಟಿ ಇದ್ದಾಗ, ಸರಿಸುಮಾರು ಅರ್ಧ ಮಂದಿಯ ರಕ್ತದಲ್ಲಿ ಸಾಕಷ್ಟು ಔಷಧಿ ಇತ್ತು. ಭೇಟಿ ಮೂರು ತಿಂಗಳಿಗೊಮ್ಮೆ ಎಂದಾದ ಮೇಲೆ ಅದು ಜಾರುತ್ತಾ ಹೋಗಿ ವರ್ಷದ ಕೊನೆಗೆ 22%ಕ್ಕೆ ಬಂತು. ದೊಡ್ಡವರಿಗೆ ಒಪ್ಪುವ ವೇಳಾಪಟ್ಟಿ ಹುಡುಗರಿಗೆ ಒಗ್ಗುವುದಿಲ್ಲ. ಶುರುವಿನ ಆರು ತಿಂಗಳಾದರೂ ತಿಂಗಳಿಗೊಮ್ಮೆ ಒಂದು ಭೇಟಿ ಅಥವಾ ಫೋನ್ ಕರೆ ಇಟ್ಟುಕೊಳ್ಳುವುದು ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ಆರು ತಿಂಗಳಿಗೆ ಒಂದು ಇಂಜೆಕ್ಷನ್ ಬಂದಿದೆಯಂತೆ, ಹೌದಾ?

ಹೌದು, ಲೆನಕಾಪವಿರ್. ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ 26 ವಾರಕ್ಕೊಮ್ಮೆ ಎರಡು ಚುಚ್ಚು. ಮೊದಲ ಸಲ ಮಾತ್ರ ಅದೇ ಔಷಧಿಯ ಮಾತ್ರೆಗಳನ್ನು ಎರಡು ದಿನ ನುಂಗಬೇಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ 16ರಿಂದ 25 ವಯಸ್ಸಿನ ಹೆಣ್ಣುಮಕ್ಕಳ ನಡುವೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು: ಇಂಜೆಕ್ಷನ್ ಪಡೆದ 2,134 ಜನರಲ್ಲಿ ಒಬ್ಬರಿಗೂ ಸೋಂಕಿಲ್ಲ. ದಿನದ ಹಳೆಯ ಮಾತ್ರೆಯ ಗುಂಪಿನ 1,068 ಜನರಲ್ಲಿ 16 ಮಂದಿಗೆ ಸೋಂಕು ಬಂತು. ಮಾತ್ರೆ ನುಂಗುವುದು ಅಲ್ಲೂ ಬೇಗ ಕುಸಿದಿತ್ತು. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು.

ಅದಕ್ಕೂ ಮುಂಚೆ 2021ರಲ್ಲಿ ಬಂದದ್ದು ಕ್ಯಾಬೊಟೆಗ್ರಾವಿರ್. ಪೃಷ್ಠದ ಸ್ನಾಯುವಿಗೆ 600 ಮಿಲಿಗ್ರಾಂ; ಮೊದಲೆರಡು ನಾಲ್ಕು ವಾರದ ಅಂತರದಲ್ಲಿ, ಆಮೇಲೆ 8 ವಾರಕ್ಕೊಂದು. ಇಂಜೆಕ್ಷನ್‌ಗಳ ಒಂದು ಗುಣ ತಿಳಿದಿರಬೇಕು. ನಿಲ್ಲಿಸಿದರೂ ಔಷಧಿಯ ಬಾಲ ಮೈಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಉಳಿಯುತ್ತದೆ, ಆದರೆ ರಕ್ಷಣೆಗೆ ಸಾಲದಷ್ಟು. ಆ ಹೊತ್ತಿನಲ್ಲಿ ಸೋಂಕು ಬಂದರೆ ವೈರಸ್ ಆ ಔಷಧಿಗೆ ಬಗ್ಗದಂತಾಗಬಹುದು. ಹಾಗಾಗಿ ಬಿಡುವುದಿದ್ದರೆ, ಅಪಾಯ ಇನ್ನೂ ಇದ್ದರೆ, ಮಾತ್ರೆಗೆ ದಾಟಿಕೊಳ್ಳಿ.

ಯೋನಿಯಲ್ಲಿ ಇಟ್ಟುಕೊಳ್ಳೋ ಉಂಗುರ ಹೇಗೆ?

ಡಾಪಿವಿರಿನ್ ಇರುವ ಸಿಲಿಕೋನ್ ಉಂಗುರ. ತಾವೇ ಇಟ್ಟುಕೊಂಡು ತಿಂಗಳಿಗೊಮ್ಮೆ ಬದಲಿಸುವುದು. ಎರಡು ದೊಡ್ಡ ಪ್ರಯೋಗಗಳಲ್ಲಿ ಸುಮಾರು 30% ರಕ್ಷಣೆ ಕಂಡಿತು. 21ಕ್ಕಿಂತ ಕಿರಿಯರಲ್ಲಿ ಆಗ ರಕ್ಷಣೆಯೇ ಕಾಣಲಿಲ್ಲ, ಅವರು ಅದನ್ನು ತೆಗೆದಿಡುತ್ತಿದ್ದುದು ಅದಕ್ಕೆ ಬಹುಮಟ್ಟಿಗೆ ಕಾರಣ. ಯೋನಿ ಸಂಭೋಗಕ್ಕೆ ಮಾತ್ರ ಇದು. ಬೇರೆ ದಾರಿ ಸಿಗುವವರಿಗೆ ನಾವು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

## ಆಗಿಹೋದ ಮೇಲೆ

ನಿನ್ನೆ ರಾತ್ರಿ ಹಾಗಾಯ್ತು. ಈಗ ಏನಾದ್ರೂ ಮಾಡಬಹುದಾ?

ಮಾಡಬಹುದು, ಆದರೆ ಇವತ್ತೇ. ಪೆಪ್ ಎನ್ನುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. 72 ಎನ್ನುವುದು ಕೊನೆಯ ಗಡಿ. ಮೂರನೆಯ ದಿನದವರೆಗೆ ಸಮಯವಿದೆ ಎಂದುಕೊಂಡು ಕೂರುವುದಲ್ಲ, ಪ್ರತಿ ಗಂಟೆಯೂ ಲೆಕ್ಕಕ್ಕಿದೆ. ಈಗ ಸಾಮಾನ್ಯವಾಗಿ ಕೊಡುವುದು ಡೊಲುಟೆಗ್ರಾವಿರ್ ಸೇರಿದ ಮೂರು ಔಷಧಿಗಳು, ಬಹಳ ಕಡೆ ಒಂದೇ ಮಾತ್ರೆಯಲ್ಲಿ. ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿಯ 1997ರ ಅಧ್ಯಯನದಲ್ಲಿ ಒಂದೇ ಹಳೆಯ ಔಷಧಿಯೂ ಅಪಾಯವನ್ನು ಸುಮಾರು 81% ತಗ್ಗಿಸಿತ್ತು.

ಎಡವುವುದು ಎರಡು ಕಡೆ: ತಡವಾಗಿ ಬರುವುದು, ಅರ್ಧಕ್ಕೆ ಬಿಡುವುದು. ಹದಿಹರೆಯದವರಲ್ಲಿ 28 ದಿನ ಮುಗಿಸುವವರು ಕಡಿಮೆ. ಪೂರ್ತಿ ಔಷಧಿಯನ್ನು ಮೊದಲ ದಿನವೇ ಕೈಗೆ ಕೊಟ್ಟುಬಿಡುವುದು ಒಳ್ಳೆಯದು. ಮೂರು ದಿನದ ಮಾತ್ರೆ ಕೊಟ್ಟು "ಮತ್ತೆ ಬಾ" ಎಂದರೆ ಎಷ್ಟೋ ಜನ ಬರುವುದಿಲ್ಲ.

ಬಲಾತ್ಕಾರವಾಗಿದ್ದರೆ ಪೆಪ್ ಜೊತೆಗೆ ತುರ್ತು ಗರ್ಭನಿರೋಧಕ (120 ಗಂಟೆಯೊಳಗೆ), ಲೈಂಗಿಕ ಸೋಂಕುಗಳ ಚಿಕಿತ್ಸೆ, ಹೆಪಟೈಟಿಸ್ ಬಿ ಲಸಿಕೆ ಕೇಳಿ ಪಡೆಯಿರಿ. ದೂರು ಕೊಡುವುದು ಬಿಡುವುದು ಆಮೇಲಿನ ಮಾತು, ಮೊದಲ ಮಾತ್ರೆ ಅದಕ್ಕಾಗಿ ಕಾಯಬಾರದು.

ಪರೀಕ್ಷೆ ಯಾವಾಗ ಮಾಡಿಸಲಿ? ಮರುದಿನವೇ ಮಾಡಿಸಿದ್ದೆ, ನೆಗೆಟಿವ್ ಬಂತು.

ಮರುದಿನದ ನೆಗೆಟಿವ್ ಹೇಳುವುದು ಹಿಂದಿನ ಕಥೆಯನ್ನು, ನಿನ್ನೆಯದನ್ನಲ್ಲ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಜನಕ (ವೈರಸ್ಸಿನದೇ ತುಣುಕು) ಮತ್ತು ಪ್ರತಿಕಾಯ (ವೈರಸ್ಸಿನ ವಿರುದ್ಧ ಮೈ ತಯಾರಿಸುವ ವಸ್ತು) ಎರಡನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆ 18ರಿಂದ 45 ದಿನಗಳಲ್ಲಿ ಸೋಂಕನ್ನು ಹಿಡಿಯುತ್ತದೆ. ಬೆರಳಿನ ರಕ್ತದ ಅಥವಾ ಎಂಜಲಿನ ಪ್ರತಿಕಾಯ ಪರೀಕ್ಷೆಗೆ 23ರಿಂದ 90 ದಿನ. ಆರು ವಾರವಾದಾಗ ಒಮ್ಮೆ, ಮೂರು ತಿಂಗಳಾದಾಗ ಇನ್ನೊಮ್ಮೆ ಮಾಡಿಸಿದರೆ ಅನುಮಾನ ಉಳಿಯದು. ಪೆಪ್ ತೆಗೆದುಕೊಂಡಿದ್ದರೆ ದಿನಗಳನ್ನು ಔಷಧಿ ಮುಗಿದ ಮೇಲಿಂದ ಎಣಿಸಿ. ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ನಲ್ಲಿ ಪಾಸಿಟಿವ್ ಬಂದರೆ ಅದು ಕೊನೆಯ ತೀರ್ಪಲ್ಲ, ಬೇರೆ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ನನ್ನ ಹುಡುಗಿಗೆ ಹುಟ್ಟಿನಿಂದ ಎಚ್‌ಐವಿ ಇದೆ. ಔಷಧಿ ತಗೊಳ್ತಾಳೆ. ನಾವು ಮದುವೆ ಆಗಬಹುದಾ?

ಆಗಬಹುದು, ಮಕ್ಕಳನ್ನೂ ಪಡೆಯಬಹುದು. ಚಿಕಿತ್ಸೆಯಿಂದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಇದು ಸಮಾಧಾನದ ಮಾತಲ್ಲ. ಯುರೋಪಿನ ಪಾರ್ಟ್‌ನರ್ ಅಧ್ಯಯನದ ಮೊದಲ ಹಂತದಲ್ಲಿ ಕಾಂಡೋಮಿಲ್ಲದ ಸುಮಾರು 58,000 ಸಂಪರ್ಕಗಳು, 2019ರಲ್ಲಿ ಪ್ರಕಟವಾದ ಎರಡನೆಯ ಹಂತದಲ್ಲಿ ಸಲಿಂಗಿ ಪುರುಷ ಜೋಡಿಗಳಲ್ಲಿ ಸುಮಾರು 76,000. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ದಾಟಿದ ಸೋಂಕು ಎರಡರಲ್ಲೂ ಸೊನ್ನೆ. "ಪತ್ತೆಯಾಗದಿದ್ದರೆ ಹರಡದು" ಎಂಬ ಮಾತು ಬಂದದ್ದು ಹೀಗೆ.

ಷರತ್ತು ಒಂದೇ, ಔಷಧಿ ತಪ್ಪಬಾರದು, ವೈರಲ್ ಲೋಡ್ ಪರೀಕ್ಷೆ ತಪ್ಪಬಾರದು. ಹುಟ್ಟಿನಿಂದ ಮಾತ್ರೆ ನುಂಗಿದವರು ಹದಿಹರೆಯದಲ್ಲಿ ಬೇಸತ್ತು ನಿಲ್ಲಿಸುವುದುಂಟು. ಅವಳಿಗೆ ಬೇಸರ ಬಂದಾಗ ಬೈಯದೆ ವೈದ್ಯರ ಹತ್ತಿರ ಜೊತೆಗೆ ಹೋಗಿ.

## ಸ್ವಲ್ಪ ಆಳಕ್ಕೆ: ಶಾಲೆ, ಮನೆ, ಕಾರ್ಯಕ್ರಮ

ಸುನ್ನತಿ ಮಾಡಿಸಿದ್ರೆ ಎಚ್‌ಐವಿ ಬರಲ್ಲ ಅಂತಾರೆ?

"ಬರಲ್ಲ" ಅಲ್ಲ, ಕಡಿಮೆ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳ ಮೂರು ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ದಾಟುವ ಸೋಂಕು ಸುಮಾರು 60% ಇಳಿಯಿತು. ಮುಂದೊಗಲಿನ ಒಳಮೈಯಲ್ಲಿ ವೈರಸ್ಸಿಗೆ ಸುಲಭವಾಗಿ ಸಿಗುವ ಕೋಶಗಳು ಹೆಚ್ಚು ಎನ್ನುವುದು ಕಾರಣ. ಸೋಂಕು ಬಹಳ ಹರಡಿರುವ ಪ್ರದೇಶಗಳಿಗೆ ಇದು ಅರ್ಥಪೂರ್ಣ. ಹೆಣ್ಣಿಗೆ ನೇರ ರಕ್ಷಣೆ ಇಲ್ಲ. ಗಾಯ ಮಾಯಲು ಆರು ವಾರ ಬೇಕು, ಅದಕ್ಕೂ ಮುಂಚೆ ಸಂಪರ್ಕ ಮಾಡಿದರೆ ಅಪಾಯ ಏರುತ್ತದೆ.

ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ಹಾಳಾಗಲ್ವಾ? ಸಂಯಮ ಕಲಿಸಿದರೆ ಸಾಕಲ್ವಾ?

ಎರಡನ್ನೂ ಅಳೆದು ನೋಡಿದ್ದಾರೆ. ಬರೀ ಸಂಯಮವನ್ನೇ ಬೋಧಿಸುವ ಕಾರ್ಯಕ್ರಮಗಳ 13 ಪ್ರಯೋಗಗಳನ್ನು, ಅಮೆರಿಕದ ಸುಮಾರು 16,000 ಯುವಜನರನ್ನು ಒಳಗೊಂಡವು, 2007ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಅಂಥ ಪಾಠ ಕೇಳಿದವರು ಸಂಪರ್ಕ ಶುರು ಮಾಡಿದ ವಯಸ್ಸಿನಲ್ಲಾಗಲಿ, ಸಂಗಾತಿಗಳ ಸಂಖ್ಯೆಯಲ್ಲಾಗಲಿ ಇತರರಿಗಿಂತ ಬೇರೆಯಾಗಿರಲಿಲ್ಲ. ಸಮಗ್ರ ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಶುರು ಮಾಡುತ್ತಾರೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಯುನೆಸ್ಕೋ 2018ರ ಮಾರ್ಗದರ್ಶಿಯಲ್ಲಿ ಇದನ್ನೇ ಹೇಳಿದೆ. ತಡವಾಗಿ ಶುರು ಮಾಡುವುದು ಒಳ್ಳೆಯದೇ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಹಾಗೆ ಹೇಳಿದ ಮಾತ್ರಕ್ಕೆ ಆಗಿಬಿಡುವುದಿಲ್ಲ ಅಷ್ಟೇ.

ಹಾಗಾದ್ರೆ ಶಾಲೆಯಲ್ಲಿ ಚೆನ್ನಾಗಿ ಪಾಠ ಮಾಡಿದರೆ ಸೋಂಕು ಇಳಿಯುತ್ತೆ ಅಲ್ವಾ?

ಇಳಿಯಬೇಕಿತ್ತು. 55,000ಕ್ಕೂ ಹೆಚ್ಚು ಮಕ್ಕಳಿದ್ದ ಎಂಟು ದೊಡ್ಡ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಪರಿಶೀಲನೆಯಲ್ಲಿ, ಶಾಲೆಯ ಪಾಠವೊಂದರಿಂದಲೇ ಎಚ್‌ಐವಿ ಆಗಲಿ ಹರ್ಪಿಸ್ ಆಗಲಿ ಕಡಿಮೆಯಾದದ್ದು ಕಾಣಲಿಲ್ಲ. ತಿಳಿವಳಿಕೆ ಹೆಚ್ಚಿತು, ಹೇಳಿಕೊಂಡ ವರ್ತನೆ ಸುಧಾರಿಸಿತು, ರಕ್ತದಲ್ಲಿ ಮಾತ್ರ ವ್ಯತ್ಯಾಸವಿಲ್ಲ.

ಪಾಠ ಬೇಡ ಎಂದು ಇದರ ಅರ್ಥವಲ್ಲ. ಕಾಂಡೋಮ್ ಎಲ್ಲಿ ಸಿಗುತ್ತದೆ ಎಂದು ಹೇಳದ, ಸಿಗುವ ಕಡೆ ಹೋದರೆ ಗದರಿಸಿ ಕಳಿಸುವ ವ್ಯವಸ್ಥೆಯಲ್ಲಿ ಪಾಠ ಒಂಟಿಯಾಗಿ ಏನು ಮಾಡೀತು? ಪಾಠದ ಒಳಗಿನ ವಿಷಯವೂ ಮುಖ್ಯ. ಪಶ್ಚಿಮ ಕೀನ್ಯಾದಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ "ವಯಸ್ಸಾದ ಗಂಡಸರಲ್ಲಿ ಎಚ್‌ಐವಿ ನಿಮ್ಮ ವಯಸ್ಸಿನ ಹುಡುಗರಿಗಿಂತ ಎಷ್ಟೋ ಹೆಚ್ಚು" ಎಂಬ ಅಂಕಿಯನ್ನು ತಿಳಿಸಿದರು. ಅಷ್ಟರಿಂದ ಹದಿಹರೆಯದ ಬಸಿರು 28% ಇಳಿಯಿತು, ಹಿರಿಯ ಗಂಡಸರಿಂದಾದದ್ದು ಇನ್ನೂ ಹೆಚ್ಚು. "ಮಾಡಬೇಡಿ" ಎನ್ನುವ ಸರ್ಕಾರಿ ಪಠ್ಯ ಆ ಕೆಲಸ ಮಾಡಿರಲಿಲ್ಲ.

ಹುಡುಗಿಯರಿಗೆ ದುಡ್ಡು ಕೊಟ್ಟರೆ ಎಚ್‌ಐವಿ ಕಡಿಮೆ ಆಗುತ್ತಂತೆ?

ಒಂದು ಕಡೆ ಆಯಿತು, ಇನ್ನೊಂದು ಕಡೆ ಆಗಲಿಲ್ಲ, ಅದೇ ಕುತೂಹಲದ ಸಂಗತಿ. ಮಲಾವಿಯ ಜೋಂಬಾದಲ್ಲಿ ತಿಂಗಳಿಗೊಂದಿಷ್ಟು ಹಣ ಪಡೆದ ಶಾಲಾ ಹುಡುಗಿಯರಲ್ಲಿ 18 ತಿಂಗಳ ಬಳಿಕ ಎಚ್‌ಐವಿ 1.2%, ಪಡೆಯದವರಲ್ಲಿ 3.0%. ದಕ್ಷಿಣ ಆಫ್ರಿಕಾದ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಹಣ ಪಡೆಯದವರೂ ಬಹುಪಾಲು ಶಾಲೆಗೆ ಹೋಗುತ್ತಲೇ ಇದ್ದರು. ಶಾಲೆ ಬಿಟ್ಟವರಲ್ಲಿ, ಸರಿಯಾಗಿ ಹೋಗದವರಲ್ಲಿ ಸೋಂಕು ಹೆಚ್ಚಿತ್ತು. ಕಾಯುವುದು ನೋಟಲ್ಲ, ಶಾಲೆಯಲ್ಲಿ ಉಳಿಯುವುದು ಎಂದು ನಾವು ಓದಿಕೊಳ್ಳುತ್ತೇವೆ. ಹಣದಿಂದ ಶಾಲೆಯ ಹಾಜರಿ ಬದಲಾಗುವ ಊರಲ್ಲಿ ಹಣ ಕೆಲಸ ಮಾಡೀತು.

ಸೂಜಿ ಚುಚ್ಚಿಕೊಳ್ಳೋ ಹುಡುಗರಿಗೆ ಹೊಸ ಸೂಜಿ ಕೊಡೋದು ಚಟಕ್ಕೆ ಪ್ರೋತ್ಸಾಹ ಅಲ್ವಾ?

ಹೊಸ ಸೂಜಿ ಸಿಕ್ಕಿತೆಂದು ಚಟ ಹೆಚ್ಚಿದ್ದಕ್ಕೆ ಆಧಾರವಿಲ್ಲ. ಸಿಗದಿದ್ದರೆ ಹಳೆಯದನ್ನೇ ಹಂಚಿಕೊಳ್ಳುತ್ತಾರೆ. ಹೆರಾಯಿನ್‌ನಂಥ ಅಫೀಮು ಗುಂಪಿನ ಚಟಕ್ಕೆ ಮೆಥಡೋನ್, ಬುಪ್ರಿನಾರ್ಫಿನ್ ಚಿಕಿತ್ಸೆ ಕೊಟ್ಟರೆ ಎಚ್‌ಐವಿ ಅಪಾಯ ಸುಮಾರು 54% ಇಳಿಯುತ್ತದೆ. ಎರಡೂ ಒಟ್ಟಿಗೆ ಇರಬೇಕು. ಸೂಜಿಯಷ್ಟೇ ಅಲ್ಲ, ಮಾದಕವಸ್ತು ಕರಗಿಸುವ ಚಮಚ, ಸೋಸುವ ಹತ್ತಿ, ನೀರು ಕೂಡ ಹಂಚಬಾರದು. 18 ತುಂಬಿಲ್ಲವೆಂದು ವಾಪಸ್ ಕಳಿಸುವ ಕೇಂದ್ರಗಳು ಅತಿ ಅಪಾಯದ ವಯಸ್ಸನ್ನೇ ಹೊರಗಿಡುತ್ತವೆ.

ಲಸಿಕೆ ಯಾವಾಗ ಬರುತ್ತೆ?

ಸದ್ಯಕ್ಕೆ ಇಲ್ಲ. ಥಾಯ್ಲೆಂಡ್‌ನ 2009ರ ಪ್ರಯೋಗದಲ್ಲಿ 31% ರಕ್ಷಣೆ ಕಂಡು ಆಸೆ ಹುಟ್ಟಿತ್ತು. ಅದರ ಜಾಡಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಪ್ರಯೋಗವನ್ನು ಫಲ ಕಾಣದೆ 2020ರಲ್ಲಿ ನಿಲ್ಲಿಸಿದರು. ಶಾಲಾ ಹುಡುಗಿಯರಿಗೆ ಕೊಡುವ ಎಚ್‌ಪಿವಿ ಲಸಿಕೆ ಗರ್ಭಕೊರಳಿನ ಕ್ಯಾನ್ಸರಿಗೆ ಸಂಬಂಧಿಸಿದ್ದು, ಹೆಸರು ಹತ್ತಿರವಿದೆಯೆಂದು ಗೊಂದಲ ಬೇಡ.

ನಮ್ಮ ಕಾರ್ಯಕ್ರಮ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ? ಸಾವಿರ ಕರಪತ್ರ ಹಂಚಿದ್ದೇವೆ.

ಕರಪತ್ರದ ಎಣಿಕೆ ಮುದ್ರಣಾಲಯಕ್ಕೆ ಬೇಕಾದ ಲೆಕ್ಕ. ಹೊಸ ಸೋಂಕನ್ನೇ ಅಳೆಯುತ್ತೇವೆ ಎಂದರೆ ಸಣ್ಣ ಗುಂಪಿನಲ್ಲಿ ಆಗದು. ವರ್ಷಕ್ಕೆ 100ಕ್ಕೆ ಒಂದು ಸೋಂಕು ಬರುವ ಕಡೆ, 500 ಜನರ ಎರಡು ಗುಂಪು ಮಾಡಿ, ನಿಮ್ಮ ಕಾರ್ಯಕ್ರಮ ಸೋಂಕನ್ನು ಅರ್ಧಕ್ಕಿಳಿಸಿದರೂ ಕಾಣುವುದು 5 ಮತ್ತು 2 ಅಥವಾ 3. ಅದು ಬರೀ ಆಕಸ್ಮಿಕವೂ ಇರಬಹುದು. ಸಾವಿರಾರು ಜನ ಬೇಕು, ಅದಕ್ಕೇ ದೊಡ್ಡ ಪ್ರಯೋಗಗಳು ದುಬಾರಿ.

"ಕಳೆದ ಸಲ ಕಾಂಡೋಮ್ ಬಳಸಿದ್ರಾ" ಎಂದು ಕೇಳಿ ಬರೆದುಕೊಳ್ಳುವ ಸಮೀಕ್ಷೆಯನ್ನೂ ಪೂರ್ತಿ ನಂಬಬೇಡಿ. ಪಾಠ ಕೇಳಿದ ಮಕ್ಕಳಿಗೆ ಯಾವ ಉತ್ತರ ಕೊಡಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಸಣ್ಣ ಕೇಂದ್ರವೊಂದು ನಿಯತ್ತಾಗಿ ಇಡಬಹುದಾದ ಲೆಕ್ಕ ಹೀಗಿದೆ: ಪ್ರೆಪ್ ಶುರು ಮಾಡಿದವರಲ್ಲಿ ಒಂದನೇ, ಮೂರನೇ, ಆರನೇ ತಿಂಗಳು ಮತ್ತೆ ಬಂದವರು ಎಷ್ಟು, ಪೆಪ್ ಕೇಳಿ ಬಂದವರು ಘಟನೆಯಾದ ಎಷ್ಟು ಗಂಟೆಗೆ ಬಂದರು, 28 ದಿನ ಮುಗಿಸಿದವರೆಷ್ಟು, ಪಾಸಿಟಿವ್ ಬಂದವರಲ್ಲಿ ವಾರದೊಳಗೆ ಚಿಕಿತ್ಸೆ ಶುರುವಾದದ್ದು ಎಷ್ಟು ಜನಕ್ಕೆ, ಕಾಂಡೋಮ್, ಮಾತ್ರೆ ದಾಸ್ತಾನಿಲ್ಲದೆ ಖಾಲಿ ಕಳೆದ ದಿನಗಳೆಷ್ಟು. ಇವನ್ನು 15ರಿಂದ 19, 20ರಿಂದ 24 ಎಂದು ಬೇರೆ ಬೇರೆ ಕಾಲಂನಲ್ಲಿ, ಹುಡುಗ ಹುಡುಗಿಯರನ್ನು ಬೇರೆಯಾಗಿ ಬರೆಯಿರಿ. ಒಟ್ಟು ಸೇರಿಸಿ ಬರೆದರೆ ಇಪ್ಪತ್ತಮೂರರ ಹುಡುಗನ ಹಾಜರಿಯ ಹಿಂದೆ ಹದಿನಾರರ ಹುಡುಗಿಯ ಗೈರುಹಾಜರಿ ಮರೆಯಾಗಿಬಿಡುತ್ತದೆ.